ಹಬ್ಬಕ್ಕೆ ತೊಳೆದ ಕಾರು

೨೦೦೯ರಲ್ಲಿ ನಾನು ಓದು ನಿಲ್ಲಿಸಿದೆ. ನಿಲ್ಲಿಸಿದೆ ಎಂದೇ ಬರೆಯುತ್ತೇನೆ, ನಿಂತುಹೋಯಿತು ಎಂದಲ್ಲ. ಶಾಲೆಯವರು ನನ್ನನ್ನು ಹೊರಗೆ ಹಾಕಲಿಲ್ಲ, ನಾನು ಫೇಲೂ ಆಗಿರಲಿಲ್ಲ. ಹದಿನಾರು ತುಂಬಿತ್ತು, ಗಿಮ್ನಾಸಿಯಮ್ಮಿನ ಮೊದಲ ವರ್ಷ, ನಮ್ಮ ಕಡೆಯ ಲೆಕ್ಕದಲ್ಲಿ ಪಿಯುಸಿ. ಫೆಬ್ರವರಿಯ ಒಂದು ಮಂಗಳವಾರ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟವನು ಶಾಲೆಯ ಸ್ಟಾಪಿನಲ್ಲಿ ಬಸ್ಸಿನಿಂದ ಇಳಿಯಲಿಲ್ಲ. ಕೊನೆಯ ಸ್ಟಾಪಿಗೆ ಹೋಗಿ, ಅಲ್ಲಿಂದ ಹಿಮದಲ್ಲಿ ಎರಡು ಕಿಲೋಮೀಟರು ನಡೆದು, ಹಳೆಯ ಕಾರುಗಳನ್ನು ಬಿಚ್ಚಿ ಬಿಡಿಭಾಗ ಮಾರುವ ಬೋರ್ಯೆ ಎಂಬ ಮುದುಕನ ಅಂಗಳದಲ್ಲಿ ನಿಂತೆ. ಶನಿವಾರಗಳಂದು ಅವನ ಹತ್ತಿರ ಟೈರು ಬಿಚ್ಚುವ ಕೆಲಸ ಮಾಡುತ್ತಿದ್ದೆ.

"ಇವತ್ತು ಶನಿವಾರ ಅಲ್ಲ," ಎಂದ ಬೋರ್ಯೆ, ಸ್ವೀಡಿಷ್‌ನಲ್ಲಿ.

"ಗೊತ್ತು," ಎಂದೆ.

ಅವನು ಒಳಗೆ ಹೋಗಿ ಒಂದು ಜೊತೆ ಕೈಗವಸು ತಂದು ನನ್ನ ಕಡೆ ಎಸೆದ. ನನ್ನ ವಿದ್ಯಾಭ್ಯಾಸ ಮುಗಿದದ್ದು ಹೀಗೆ.

ಇಷ್ಟೇ ಓದಿದವನು ಇದನ್ನು ಕನ್ನಡದಲ್ಲಿ ಹೇಗೆ ಬರೆಯುತ್ತಿದ್ದಾನೆ ಎಂದು ಯಾರಾದರೂ ಕೇಳಬಹುದು. ಅಮ್ಮ ಬರೆಸಿದ್ದು. ಏಳನೇ ವಯಸ್ಸಿನಲ್ಲಿ ಬೆಂಗಳೂರು ಬಿಟ್ಟು ಇಲ್ಲಿಗೆ, ಶೋವ್ಡೆಗೆ ಬಂದೆವು. ಅವತ್ತಿನಿಂದ ಹದಿನಾಲ್ಕು ತುಂಬುವವರೆಗೆ ದಿನಕ್ಕೊಂದು ಪುಟ ಕನ್ನಡ ಬರೆಯದೆ ನನಗೆ ರಾತ್ರಿ ಊಟ ಬೀಳುತ್ತಿರಲಿಲ್ಲ. ಏನು ಬೇಕಾದರೂ ಬರೆಯಬಹುದಿತ್ತು, ಪುಟ ಮಾತ್ರ ತುಂಬಬೇಕು. ನಾನು ಕಾರುಗಳ ಬಗ್ಗೆ ಬರೆಯುತ್ತಿದ್ದೆ. ಅಮ್ಮ ಅದನ್ನು ಒಲೆಯ ಮುಂದೆ ನಿಂತು, ಸೌಟು ಕೈಯಲ್ಲಿ ಹಿಡಿದೇ ಓದಿ, ಒತ್ತಕ್ಷರ ತಿದ್ದುತ್ತಿದ್ದಳು. ಪುಟದ ಮೂಲೆಯಲ್ಲಿ ಯಾವತ್ತೂ ಒಂದು ಹುಳಿಯ ಹನಿ ಇರುತ್ತಿತ್ತು. ಶಾಲೆ ಕೊಟ್ಟ ಕಾಗದಗಳಿಗಿಂತ ಆ ನೋಟುಬುಕ್ಕುಗಳು ನನಗೆ ಹೆಚ್ಚು ಕೆಲಸಕ್ಕೆ ಬಂದಿವೆ.

ಅಪ್ಪ ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಹನ್ನೆರಡು ವರ್ಷ ದುಡಿದವರು. ಡೈ, ಜಿಗ್, ಗೇಜು ಅವರ ಲೋಕ. ಶೋವ್ಡೆಯ ಎಂಜಿನ್ ಕಾರ್ಖಾನೆಗೆ ಅಂಥ ಕೈ ಬೇಕಾಗಿತ್ತು, ಕರೆದರು, ಬಂದೆವು. ಮಿಲಿಮೀಟರನ್ನು ನೂರು ಭಾಗ ಮಾಡಿ ಅದರಲ್ಲಿ ಎರಡು ಭಾಗದ ತಪ್ಪನ್ನು ಹುಡುಕುವುದು ಅವರ ಕೆಲಸ, ಮತ್ತು ಅದು ಕಾರ್ಖಾನೆಯ ಗೇಟಿನಲ್ಲಿ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಗೋಡೆಗೆ ಹಾಕಿದ ಕ್ಯಾಲೆಂಡರು ವಾಲಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಅಮ್ಮ ಹೆಚ್ಚಿದ ಬೀನ್ಸನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿ, "ಇದೊಂದು ನೋಡು, ಔಟ್ ಆಫ್ ಟಾಲರೆನ್ಸು," ಎನ್ನುತ್ತಿದ್ದರು. ಅಮ್ಮ, "ತಿನ್ನಿ ರೀ, ಒಳಗೆ ಹೋದ್ಮೇಲೆ ಯಾರೂ ಅಳೆಯಲ್ಲ," ಎನ್ನುತ್ತಿದ್ದಳು.

ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ಬಾಗಿಲು ತೆರೆದರೆ ಉದ್ದ ನಡುಮನೆ, ಅಲ್ಲಿ ಚಪ್ಪಲಿ ಬೂಟುಗಳ ಸಾಲು. ಎಡಕ್ಕೆ ಅಡಿಗೆಮನೆ, ಬಲಕ್ಕೆ ಹಾಲು, ಕೊನೆಯಲ್ಲಿ ಎರಡು ಮಲಗುವ ಕೋಣೆ. ದೇವರು ಇದ್ದದ್ದು ಬಟ್ಟೆಯ ಬೀರುವಿನಲ್ಲಿ. ಅದರ ಅಡ್ಡಕಂಬಿ ಕಿತ್ತು ಅಪ್ಪ ಮೂರು ಮೆಟ್ಟಿಲು ಮಾಡಿದ್ದರು, ಮಟ್ಟಗೋಲು ಇಟ್ಟು ನೋಡಿ. ಪೂಜೆ ಆದಮೇಲೆ ಬೀರುವಿನ ಬಾಗಿಲು ಹಾಕಿಬಿಟ್ಟರೆ ದೇವರಿಗೂ ಚಳಿಯಿಲ್ಲ, ಊದುಬತ್ತಿಯ ಹೊಗೆಗೆ ಚಾವಣಿಯ ಅಲಾರಂ ಬಡಿದುಕೊಳ್ಳುವ ಕಾಟವೂ ಇಲ್ಲ. ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆ, ಅಲ್ಲಿ ಬಿಸಿಗಾಳಿ ಬೀಸಿ ಬಟ್ಟೆ ಒಣಗಿಸುವ ಒಂದು ಬೀರು. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲವೆಂದು ಅಮ್ಮ ನಮ್ಮ ಸರದಿಯ ದಿನ ಹಿಟ್ಟಿನ ಪಾತ್ರೆಯನ್ನೂ ಅದರೊಳಗೆ ಇಡುತ್ತಿದ್ದಳು. ಒಂದು ಸಲ ಮರೆತು ಮೇಲೆ ಬಂದಳು. ಮುಂದಿನ ಸರದಿಯವರ ಹೊದಿಕೆಯ ಮೇಲೆ ಹಿಟ್ಟು ಉಕ್ಕಿತು. ಬಾಗಿಲಿಗೆ ಚೀಟಿ ಅಂಟಿಸಿದ್ದರು: ಒಣಗಿಸುವ ಬೀರು ಜೀವಂತ ವಸ್ತುಗಳಿಗಲ್ಲ. ಅಮ್ಮ ಆ ಚೀಟಿಯ ಕೆಳಗೆ ಕ್ಷಮೆ ಬರೆದು, ಅವರ ಬಾಗಿಲ ಮುಂದೆ ಹನ್ನೆರಡು ಇಡ್ಲಿ ಇಟ್ಟು ಬಂದಳು. ಡಬ್ಬಿ ತೊಳೆದು ವಾಪಸು ಬಂತು, ಒಳಗೆ ದಾಲ್ಚಿನ್ನಿಯ ಬನ್ನು. ಅಲ್ಲಿಂದಾಚೆಗೆ ಹಿಟ್ಟಿಗೆ ಯಾರ ಆಕ್ಷೇಪಣೆಯೂ ಬರಲಿಲ್ಲ.

ಶಾಲೆ ಬಿಟ್ಟ ಸುದ್ದಿ ಮನೆಗೆ ಬಂದದ್ದು ಅಂಚೆಯಲ್ಲಿ. ಮೂರು ವಾರ ನಾನು ಬ್ಯಾಗು ಹಾಕಿಕೊಂಡು ಹೊರಟು ಬೋರ್ಯೆಯ ಹತ್ತಿರ ಹೋಗಿ, ಸಂಜೆ ಕೈಯನ್ನು ಮರಳಿನಂಥ ಸೋಪಿನಲ್ಲಿ ಉಜ್ಜಿಕೊಂಡು ಬಂದಿದ್ದೆ. ಅಪ್ಪ ಊಟದ ಮೇಜಿನ ಮೇಲೆ ಲಕೋಟೆ ಒಡೆದರು. ಅವತ್ತು ಹುಳಿ, ಅನ್ನ, ಜೊತೆಗೆ ಇಲ್ಲಿನ ಗಟ್ಟಿ ಒಣರೊಟ್ಟಿಯ ಮೇಲೆ ತುಪ್ಪ ಸವರಿ ಉದುರಿಸಿದ ಚಟ್ನಿಪುಡಿ. ಹಪ್ಪಳದ ಜಾಗದಲ್ಲಿ ನಾವು ತಿನ್ನುತ್ತಿದ್ದದ್ದು ಅದನ್ನೇ.

"ಏನೋ ಇದು?"

"ಬಿಟ್ಟೆ."

"ಬಿಟ್ಟೆ ಅಂದ್ರೆ? ಬಸ್ ಬಿಟ್ಯಾ, ಬೀಡಿ ಬಿಟ್ಯಾ, ಏನ್ ಬಿಟ್ಟೆ?"

"ಸ್ಕೂಲು."

"ಯಾರನ್ನ ಕೇಳಿ?"

"ಯಾರನ್ನೂ ಕೇಳ್ಳಿಲ್ಲ. ಕೇಳಿದ್ರೆ ಬೇಡ ಅಂತಿದ್ರಿ."

"ರೀ, ಅನ್ನದ ಮುಂದೆ ಬೇಡ," ಎಂದಳು ಅಮ್ಮ.

"ನೀನ್ ಸುಮ್ನಿರು. ಬಿಟ್ಟು ಏನ್ ಮಾಡ್ತಾನಂತೆ? ಕೇಳು."

"ರೇಸ್ ಓಡಿಸ್ತೀನಿ. ಕಾರು."

ಅಪ್ಪ ನಕ್ಕರು. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ.

"ಮೆಜೆಸ್ಟಿಕ್ಕಲ್ಲಿ ಆಟೋ ಓಡಿಸೋರೆಲ್ಲಾ ರೇಸ್ ಡ್ರೈವರ್‌ಗಳೇ ಕಣೋ. ಅದಕ್ಕೆ ಇಷ್ಟು ದೂರ ಬರ್ಬೇಕಾಗಿತ್ತಾ? ಅಲ್ಲೇ ಒಂದು ಪರ್ಮಿಟ್ ಮಾಡಿಸಿಕೊಡ್ತಿದ್ದೆ."

ನಾನು ತಟ್ಟೆ ಬಿಟ್ಟು ಎದ್ದೆ. ಅವತ್ತಿನಿಂದ ಅಪ್ಪ ನನ್ನೊಂದಿಗೆ ಮಾತು ಬಿಟ್ಟರು. ಮೂರು ತಿಂಗಳು ಹತ್ತು ದಿನ. ಮಾತು ಬಿಟ್ಟರೂ ಕೆಲಸಗಳು ಇರುತ್ತವಲ್ಲ, ಅವುಗಳನ್ನೆಲ್ಲ ಎಂಟು ವರ್ಷದ ತಂಗಿ ಮೇಘಳ ಮೂಲಕ ಸಾಗಿಸುತ್ತಿದ್ದರು. "ಮೇಘಾ, ನಿಮ್ಮಣ್ಣನಿಗೆ ಹೇಳು, ಉಪ್ಪಿನಕಾಯಿ ಬಾಟ್ಲು ಈ ಕಡೆ ತಳ್ಳಲಿ." ಬಾಟಲು ನನ್ನ ಕೈಗೂ ಅಪ್ಪನ ಕೈಗೂ ನಡುವೆ ಒಂದು ಗೇಣಿನಲ್ಲಿ ಇರುತ್ತಿತ್ತು. ಮೇಘ ಮೊದಲ ವಾರ ಸ್ವೀಡಿಷ್‌ನಲ್ಲಿ, ನೀವೇ ಹೇಳಿಕೊಳ್ಳಿ, ಎಂದು ಜಗಳವಾಡಿದಳು. ಎರಡನೇ ವಾರ ಒಂದು ಮಾತಿಗೆ ಒಂದು ಚಾಕಲೇಟು ಎಂದು ದರ ಗೊತ್ತುಮಾಡಿದಳು. ಏಪ್ರಿಲ್ ಹೊತ್ತಿಗೆ ಅವಳ ಹಲ್ಲು ಹಾಳಾಗಿ ಕಮ್ಮೂನಿನ, ಅಂದರೆ ಪುರಸಭೆಯ, ದಂತವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕಾಯಿತು. ಅಮ್ಮ ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಕೆಲಸ ಮಾಡುತ್ತಿದ್ದಳು. "ಅಲ್ಲಿ ಹದಿನೆಂಟು ಮಕ್ಕಳನ್ನ ನೋಡ್ಕೋತೀನಿ. ಅವರ್ಯಾರೂ ಇಷ್ಟು ಹಟ ಮಾಡಲ್ಲ," ಎಂದು ಇಬ್ಬರಿಗೂ ಕೇಳುವಂತೆ ಒಲೆಗೆ ಹೇಳುತ್ತಿದ್ದಳು.

ನಾನು ಹೇಳಿದ ರೇಸು ಯಾವುದೆಂದು ಇಲ್ಲಿ ಬರೆಯಬೇಕು. ಇಲ್ಲಿ ಅದನ್ನು ಫೋಕ್‌ರೇಸ್ ಎನ್ನುತ್ತಾರೆ, ಜನರ ಓಟ. ಗುಜರಿಗೆ ಹೋಗಬೇಕಾದ ಹಳೆಯ ಕಾರು. ಗಾಜು, ಸೀಟು, ಬಟ್ಟೆ ಎಲ್ಲ ಕಿತ್ತು ಒಳಗೆ ಕಬ್ಬಿಣದ ಪಂಜರ ಬೆಸೆದು, ಮುಂದಿನ ಗಾಜಿನ ಜಾಗದಲ್ಲಿ ಜಾಲರಿ ಹಾಕಿದ್ದು. ಅರ್ಧ ಜಲ್ಲಿ, ಅರ್ಧ ಟಾರಿನ ಸುತ್ತುದಾರಿಯಲ್ಲಿ ಆರು ಕಾರುಗಳು ಒಟ್ಟಿಗೆ ಹೊರಡುತ್ತವೆ. ಹದಿನೈದು ತುಂಬಿದವರಿಗೆ ಲೈಸೆನ್ಸು ಸಿಗುತ್ತದೆ. ಸ್ಟಾಕ್ ಕಾರು, ಅಂದರೆ ಸಾಮಾನ್ಯ ಮಾದರಿಯ ಕಾರನ್ನೇ ರೇಸಿಗೆಂದು ಬಲಪಡಿಸಿದ್ದನ್ನು, ಓಡಿಸಿ ಹೊಟ್ಟೆ ಹೊರೆಯುವ ನಮ್ಮಂಥವರು ಬಹುಪಾಲು ಅಲ್ಲಿಂದಲೇ ಬಂದವರು. ಅದರ ಒಂದು ನಿಯಮ ಬೇರೆ ಯಾವ ಆಟದಲ್ಲೂ ಇಲ್ಲ. ಓಡಿದ ಪ್ರತಿಯೊಂದು ಕಾರೂ ಓಟದ ನಂತರ ಮಾರಾಟಕ್ಕಿರುತ್ತದೆ, ಒಂದೇ ಗೊತ್ತಾದ, ಸಣ್ಣ ಬೆಲೆಗೆ. ಲೈಸೆನ್ಸ್ ಇರುವ ಯಾರು ಬೇಕಾದರೂ ನಿನ್ನ ಕಾರಿಗೆ ಚೀಟಿ ಹಾಕಬಹುದು. ಹಲವರು ಹಾಕಿದರೆ ಒಂದು ಚೀಟಿ ಎತ್ತುತ್ತಾರೆ. ಕೊಡುವುದಿಲ್ಲ ಎಂದರೆ ನಿನ್ನ ಲೈಸೆನ್ಸು ಹೋಗುತ್ತದೆ. ದುಡ್ಡಿರುವವನು ದುಡ್ಡು ಸುರಿದು ಗೆಲ್ಲಬಾರದು ಎಂದು ಹೀಗೆ ಮಾಡಿದ್ದಾರೆ. ಅದಕ್ಕೇ ಬೋರ್ಯೆ ನನಗೆ ಕಲಿಸಿದ ಮೊದಲ ಪಾಠ ಗೇರಿನದಲ್ಲ, ಕೊಳೆಯದು. ಒಳ್ಳೆಯ ಕಾರನ್ನು ತೊಳೆಯಬೇಡ. ಬಾನೆಟ್ ತೆರೆಯಬೇಡ. ತಗ್ಗು ಬಿದ್ದರೆ ಸರಿಮಾಡಬೇಡ. ಸೈಲೆನ್ಸರ್ ಸ್ವಲ್ಪ ಗೊರಗುಟ್ಟಲಿ. ನೋಡಿದವನಿಗೆ, ಪಾಪ, ಇದು ನಾಳೆ ಸಾಯುತ್ತದೆ, ಅನ್ನಿಸಬೇಕು.

ಬೋರ್ಯೆ ನನಗೆ ಎರಡು ತಿಂಗಳ ಶನಿವಾರದ ಕೂಲಿಗೆ ಬದಲಾಗಿ ಒಂದು ಕಾರು ಕೊಟ್ಟ. ನನಗಿಂತ ಎರಡು ವರ್ಷ ದೊಡ್ಡದು, ಬೆಂಕಿಪೊಟ್ಟಣದಂತೆ ಚೌಕ, ಬಣ್ಣ ಹಳಸಿದ ಸಾಸಿವೆಯದು. ಪಂಜರ ಬೆಸೆದದ್ದು ಅವನ ಅಂಗಳದಲ್ಲಿ. ಎಂಜಿನ್ನಿನ ತಲೆ, ಅಂದರೆ ವಾಲ್ವುಗಳಿರುವ ಮೇಲಿನ ಭಾಗ, ಸೋರುತ್ತಿತ್ತು. ಬೋರ್ಯೆಯ ಶೆಡ್ಡಿನ ಧೂಳಿನಲ್ಲಿ ಆ ಕೆಲಸ ಆಗುತ್ತಿರಲಿಲ್ಲವಾದ್ದರಿಂದ ಅದನ್ನು ಬಿಚ್ಚಿ, ಹಳೆಯ ಟವೆಲಿನಲ್ಲಿ ಸುತ್ತಿ, ಮಗುವಿನಂತೆ ಎತ್ತಿಕೊಂಡು ಬಸ್ಸಿನಲ್ಲಿ ಮನೆಗೆ ತಂದೆ. ಅಮ್ಮ ಅಡಿಗೆಮನೆಯ ಮೇಜಿನ ಮೇಲೆ ನಾಲ್ಕು ಪದರ ಪೇಪರು ಹಾಸಿ, "ಅನ್ನದ ಪಾತ್ರೆಗೆ ಒಂದು ತೊಟ್ಟು ಎಣ್ಣೆ ಬಿತ್ತೋ, ನೀನೂ ಇದೂ ಒಟ್ಟಿಗೆ ಬಾಲ್ಕನಿಗೆ," ಎಂದಳು.

ವಾಲ್ವು ಕೂರುವ ಜಾಗಕ್ಕೆ ಅರೆಯುವ ಪೇಸ್ಟು ಸವರಿ, ರಬ್ಬರು ಬಟ್ಟಲಿರುವ ಒಂದು ಕೋಲನ್ನು ವಾಲ್ವಿಗೆ ಅಂಟಿಸಿ, ಎರಡು ಅಂಗೈ ನಡುವೆ ಹಿಂದಕ್ಕೆ ಮುಂದಕ್ಕೆ ತಿರುಗಿಸಬೇಕು. ವಾಲ್ವು ಮತ್ತು ಅದರ ಪೀಠ ಒಂದನ್ನೊಂದು ಅರೆದು ಕೂದಲೆಳೆಯಷ್ಟೂ ಸಂದಿಲ್ಲದೆ ಕೂರುವವರೆಗೆ. ನಾನು ಅರೆಯುತ್ತಿದ್ದೆ. ಅಪ್ಪ ಬೆಳಗಿನ ಪಾಳಿ ಮುಗಿಸಿ ಬಂದು, ಕೆಲಸದ ಕೋಟು ಕೂಡ ತೆಗೆಯದೆ, ನೀರು ಕುಡಿಯಲು ಅಡಿಗೆಮನೆಗೆ ಬಂದರು. ಲೋಟ ತುಂಬಿತು. ಕುಡಿಯಲಿಲ್ಲ. ನನ್ನ ಬೆನ್ನ ಹಿಂದೆ ನಿಂತಿದ್ದರು. ಅವರ ಉಸಿರು ಕೇಳುತ್ತಿತ್ತು.

"ಹಾಗ್ ಹಿಡ್ಕೋಬೇಡ," ಎಂದರು.

ಮೇಘ ಹಾಲಿನಲ್ಲಿದ್ದಳು. ಆ ಮಾತು ಅವಳಿಗೆ ಹೇಳಿದ್ದಲ್ಲ.

"ಒಂದೇ ಕಡೆ ಅರೀತಿದೀಯ. ಮೊಟ್ಟೆ ಥರ ಆಗತ್ತೆ. ಎತ್ತಿ ಎತ್ತಿ ಕೂರಿಸ್ಬೇಕು. ಹತ್ತು ಸಲ ಅರಿ, ಎತ್ತು, ಕಾಲು ಸುತ್ತು ತಿರುಗ್ಸು, ಮತ್ತೆ ಕೂರ್ಸು. ಕೊಡಿಲ್ಲಿ."

ಕೋಟಿನಲ್ಲೇ ಕೂತರು. ಐದು ನಿಮಿಷದಲ್ಲಿ ಅಮ್ಮ ಬಂದು ನೋಡಿ, "ಇದೇನ್ ಮಹಾ? ಮಜ್ಜಿಗೆ ಕಡೆಯೋದು," ಎಂದು ಅವರ ಕೈಯಿಂದ ಕೋಲು ಕಿತ್ತುಕೊಂಡಳು. ಕಡೆಗೋಲು ಹಿಡಿದು ಬೆಳೆದ ಕೈ ಅದು. ಅಪ್ಪನ ಕೈಯಲ್ಲಿ ಕರ್‌ಕರ್ ಎನ್ನುತ್ತಿದ್ದದ್ದು ಅಮ್ಮನ ಕೈಯಲ್ಲಿ ಸುಯ್ ಎಂದಿತು. ಅಪ್ಪ ಕನ್ನಡಕ ಹಣೆಗೇರಿಸಿ ವಾಲ್ವನ್ನು ಬೆಳಕಿಗೆ ಹಿಡಿದರು. ಸುತ್ತಲೂ ಒಂದೇ ಅಗಲದ ಬೂದು ಬಣ್ಣದ ಉಂಗುರ. "ನೋಡೋ," ಎಂದರು, "ಇದು ಸೀಟಿಂಗು. ನಮ್ಮ ಶಾಪಲ್ಲಿ ಇಷ್ಟು ಚೆನ್ನಾಗಿ ಯಾವನೂ ಮಾಡಲ್ಲ." ಎಂಟು ವಾಲ್ವು. ಎರಡು ಅಪ್ಪ, ನಾಲ್ಕು ಅಮ್ಮ, ಒಂದು ನಾನು. ಕೊನೆಯದನ್ನು ಮೇಘ ಹಟಮಾಡಿ ಅರೆದಳು, ಅದನ್ನು ಅವಳು ಮಲಗಿದ ಮೇಲೆ ಅಪ್ಪ ಮತ್ತೆ ಅರೆದರು. ನನ್ನ ಬಾಲ್ಯದ ಮನೆ ಎಂದರೆ ನನಗೆ ಕಣ್ಣಿಗೆ ಬರುವುದು ಆ ಮೇಜು: ಒಂದು ತುದಿಯಲ್ಲಿ ಎಂಜಿನ್ನಿನ ತಲೆ, ಇನ್ನೊಂದು ತುದಿಯಲ್ಲಿ ಹುಳಿಯ ಪಾತ್ರೆ, ನಡುವೆ ಅಮ್ಮ ಹಾಕಿದ ಗಡಿಯಂತೆ ಒಂದು ಸ್ಟೀಲು ಸ್ಕೇಲು.

ಮಾತು ಶುರುವಾಯಿತು ಎಂದ ಮಾತ್ರಕ್ಕೆ ಅಪ್ಪ ಒಪ್ಪಿದರು ಎಂದಲ್ಲ. ಬೋರ್ಯೆಯ ಕತ್ತಲೆ ಶೆಡ್ಡಿನಲ್ಲಿ ಎಂಜಿನ್ನಿನ ತಲೆಯ ಕೊನೆಯ ಬೋಲ್ಟು ಬಿಗಿಯುತ್ತಾ ಹೇಳಿದರು:

"ಅಕ್ಟೋಬರ್ ತನಕ ಓಡ್ಸು. ಸೀಸನ್ ಮುಗಿಲಿ. ಜನವರಿಗೆ ಸ್ಕೂಲಿಗೆ ಮತ್ತೆ ಸೇರ್ಕೋ. ಅಲ್ಲಿನ ಹೆಡ್ಡು, ಆ ರೆಕ್ಟರ್ ಹತ್ರ ನಾನು ಮಾತಾಡಿದೀನಿ."

ನಾನು ಪಾನಾಗಳನ್ನು ಒರೆಸಿ ಡಬ್ಬಿಗೆ ಹಾಕಿದೆ. ಬೇಸಿಗೆಯಿಡೀ ಬೋರ್ಯೆಯ ವ್ಯಾನಿನ ಹಿಂದೆ ಕಾರು ಕಟ್ಟಿಕೊಂಡು ಸುತ್ತಲ ಊರುಗಳಿಗೆ ಹೋದೆ. ಮೊದಲ ಓಟದಲ್ಲಿ ಕೊನೆಯವನು. ಎರಡನೆಯದರಲ್ಲಿ ಹಳ್ಳಕ್ಕೆ ಬಿದ್ದೆ. ಜಲ್ಲಿಯಲ್ಲಿ ಬ್ರೇಕು ತುಳಿಯುವವನು ನಿಧಾನವಾಗುವುದಿಲ್ಲ, ದಾರಿ ತಪ್ಪುತ್ತಾನೆ ಎನ್ನುವುದನ್ನು ಕಲಿಯಲು ನನಗೆ ನಾಲ್ಕು ಭಾನುವಾರ ಬೇಕಾದವು. ಆಗಸ್ಟಿನಲ್ಲಿ ಮೊದಲ ಸಲ ಫೈನಲಿಗೆ ಬಂದೆ. ಆ ಎಂಜಿನ್ನು ಬೇರೆಯವರದಕ್ಕಿಂತ ಸುಲಭವಾಗಿ ಉಸಿರಾಡುತ್ತಿತ್ತು, ತಿರುವಿನಿಂದ ಹೊರಗೆ ಬರುವಾಗ ಅದು ಗೊತ್ತಾಗುತ್ತಿತ್ತು. ಬೋರ್ಯೆ ಪ್ರತಿ ಓಟಕ್ಕೂ ಮುಂಚೆ ಒಂದು ಬಕೆಟ್ ಕೆಸರನ್ನು ಅದರ ಮೈಗೆ ಬಳಿಯುತ್ತಿದ್ದ. ಒಂದೇ ಒಂದು ಚೀಟಿ ಬೀಳಲಿಲ್ಲ. ಅಪ್ಪ ಒಂದು ಓಟಕ್ಕೂ ಬರಲಿಲ್ಲ, ಭಾನುವಾರ ಸಂಜೆ ನಾನು ಮನೆಗೆ ಬಂದಾಗ ಬಾಗಿಲಲ್ಲೇ ನಿಂತು, "ಟೆಂಪರೇಚರ್ ಎಷ್ಟಿತ್ತು?" ಎಂದು ಮಾತ್ರ ಕೇಳುತ್ತಿದ್ದರು.

ಆ ವರ್ಷದ ಕೊನೆಯ ಓಟಕ್ಕೆ ಕೆಲವೇ ದಿನ ಮುಂಚೆ ಆಯುಧಪೂಜೆ ಬಂತು. ಅಮ್ಮ ಹಿಂದಿನ ವಾರವೇ ಹೇಳಿಬಿಟ್ಟಿದ್ದಳು: ಮನೆಯ ಕಾರಿಗೆ, ಅಪ್ಪನ ಮೈಕ್ರೋಮೀಟರಿಗೆ, ಮಿಕ್ಸಿಗೆ, ಮೇಘಳ ಸೈಕಲ್ಲಿಗೆ ಪೂಜೆ ಆಗುತ್ತದೆ, "ಆ ಗಾಡಿಗೂ ಆಗ್ಬೇಕು. ನನ್ನ ಮಗ ಕೂತ್ಕೊಳ್ಳೋ ಗಾಡಿ." ಬೋರ್ಯೆಯ ಅಂಗಳದಿಂದ ಅದನ್ನು ಎಳೆದು ತಂದು ನಮ್ಮ ಬಾಡಿಗೆ ಗ್ಯಾರೇಜಿನ ಮುಂದೆ ನಿಲ್ಲಿಸಿದೆವು. ಅಪ್ಪ ಮೊದಲ ಸಲ ಅದನ್ನು ಹಗಲ ಬೆಳಕಲ್ಲಿ, ಪೂರ್ತಿಯಾಗಿ ನೋಡಿದರು.

"ಪೂಜೆಗೆ ನಿಲ್ಸೋ ಗಾಡಿನಾ ಇದು? ಎಮ್ಮೆ ಇದ್ದಂಗಿದೆಯಲ್ಲೋ. ಬಕೆಟ್ ತಗೊಂಬಾ."

ಇಲ್ಲಿ ನಾನು ಬಾಯಿ ಬಿಡಬೇಕಾಗಿತ್ತು. ಬೋರ್ಯೆಯ ಪಾಠ ನನಗೆ ಗೊತ್ತಿತ್ತು, ಅಪ್ಪನಿಗೆ ನಿಯಮ ಗೊತ್ತಿತ್ತೇ ಹೊರತು ಪಾಠ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದ ಈ ಡಬ್ಬಕ್ಕೆ ಯಾರು ಚೀಟಿ ಹಾಕುತ್ತಾರೆ ಎಂದುಕೊಂಡಿದ್ದರು. ಆದರೆ ಅಪ್ಪ ತೋಳು ಮಡಿಸಿ, ಸ್ಪಂಜು ಹಿಡಿದು, ನನ್ನ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದರು. ಬೇಡ ಅನ್ನುವುದು ನನ್ನಿಂದ ಆಗಲಿಲ್ಲ. ಪೂರ್ತಿ ನಿಜ ಹೇಳುವುದಾದರೆ ಇನ್ನೂ ಒಂದಿದೆ: ಅದು ಹೊಳೆಯುವುದನ್ನು ನೋಡಲು ನನಗೂ ಆಸೆಯಿತ್ತು. ಎರಡು ದಿನ ತೊಳೆದೆವು. ಅಪ್ಪ ತಗ್ಗುಗಳನ್ನು ಒಳಗಿನಿಂದ ಬಡಿದು ಎತ್ತಿದರು, ಪುಟ್ಟಿ ಮೆತ್ತಿದರು, ಉಜ್ಜಿದರು, ನೀಲಿ ಬಣ್ಣ ಹೊಡೆದರು. ಎಂಜಿನ್ನಿನ ತಲೆಯ ಮುಚ್ಚಳವನ್ನು ಕನ್ನಡಿಯಂತೆ ಪಾಲಿಶ್ ಮಾಡಿದರು. ಅಮ್ಮ ಅರಿಶಿನ ಕುಂಕುಮ ಹಚ್ಚಿದಳು. ಸೇವಂತಿಗೆ ಸಿಗಲಿಲ್ಲ, ಆ ಕಾಲಕ್ಕೆ ಇಲ್ಲಿ ಎಲ್ಲರ ಬಾಗಿಲಲ್ಲೂ ಇಡುವ ನೇರಳೆ ಬಣ್ಣದ ಪೊದೆಹೂವಿನ ಕುಂಡ ತಂದು, ಅದರ ಗೊಂಚಲು ಕತ್ತರಿಸಿ ಹಾರ ಮಾಡಿದಳು. ಬೂದುಗುಂಬಳದ ಬದಲು ಕಿತ್ತಳೆ ಬಣ್ಣದ ಕುಂಬಳಕಾಯಿ ಒಡೆದಳು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ದೃಷ್ಟಿ ತೆಗೆದಳು. ಹಿಂದೆ ಹೊದಿಕೆಯ ಮೇಲೆ ಹಿಟ್ಟು ಉಕ್ಕಿಸಿಕೊಂಡಿದ್ದ ಆ ಮನೆಯವರು ಬಾಲ್ಕನಿಯಿಂದ ಚಪ್ಪಾಳೆ ತಟ್ಟಿದರು.

ಓಟದ ದಿನ ಮೊದಲ ಸಲ ಇಡೀ ಸಂಸಾರ ಹೊರಟಿತು. ಅಪ್ಪ ನಮ್ಮ ಮನೆಯ ಕಾರಿಗೆ ಟ್ರೇಲರ್ ಕಟ್ಟಿದರು. ಅಮ್ಮ ಪುಳಿಯೋಗರೆ ಕಟ್ಟಿದಳು. ಬೋರ್ಯೆ ಅಲ್ಲಿ ನಮಗಾಗಿ ಕಾಯುತ್ತಿದ್ದವನು ಟ್ರೇಲರಿನ ಮೇಲಿನ ಆ ನೀಲಿಯನ್ನು ನೋಡಿ ಬಾಯಲ್ಲಿದ್ದ ಕಾಫಿ ನುಂಗುವುದನ್ನೇ ಮರೆತ.

"ಏನು ಮಾಡಿದೆ ಮಾರಾಯ? ಇದು ಮದುವೆಗೆ ಬಂದಿದೆಯಾ?"

"ಹಬ್ಬ ಇತ್ತು," ಎಂದೆ.

"ಕೆಸರು ಎಲ್ಲಿದೆ ನೋಡು, ಹಚ್ಚೋಣ."

ಹಚ್ಚಲು ಹೊತ್ತಿರಲಿಲ್ಲ, ಆಗಲೇ ಆರೇಳು ಜನ ಸುತ್ತ ನಿಂತಿದ್ದರು. ಒಬ್ಬ, ಬಣ್ಣ ಚೆನ್ನಾಗಿದೆ, ಎಂದ. ಅಪ್ಪನ ಸ್ವೀಡಿಷ್ ಕಾರ್ಖಾನೆಯ ಸ್ವೀಡಿಷ್, ಮಾತು ಕಡಿಮೆ, ಅಳತೆ ಹೆಚ್ಚು. ಆದರೂ ಹತ್ತು ವರ್ಷದಲ್ಲಿ ಅವರ ಕೈಕೆಲಸದ ಬಗ್ಗೆ ಯಾರೂ ಹೀಗೆ ನಿಂತು ಕೇಳಿರಲಿಲ್ಲ. "ಬಣ್ಣ ಏನಲ್ಲ," ಎಂದು ಅವರು ಬಾನೆಟ್ ಎತ್ತಿದರು. ಬೋರ್ಯೆ ದೂರದಿಂದ ಕೈಬೀಸಿ ಮುಚ್ಚು ಮುಚ್ಚು ಎನ್ನುತ್ತಿದ್ದ. ಅಪ್ಪ ಅದನ್ನು ನಮಸ್ಕಾರ ಎಂದುಕೊಂಡು ತಾವೂ ಕೈಬೀಸಿದರು. ನಾನು ಹೆಲ್ಮೆಟ್ ಹಾಕಿಕೊಳ್ಳುವ ಹೊತ್ತಿಗೆ ಅಲ್ಲಿ ಇಪ್ಪತ್ತು ಜನ, ಕೈಯಲ್ಲಿ ಫೀಕದ, ಅಂದರೆ ಬಿಡುವಿನ ಹೊತ್ತಿನ, ಕಾಫಿ ಲೋಟಗಳು, ಅಮ್ಮನ ಪುಳಿಯೋಗರೆ, ನಡುವೆ ಅಪ್ಪ ಬೆರಳಿನಿಂದ ಗಾಳಿಯಲ್ಲಿ ವಾಲ್ವು ಬರೆದು ತೋರಿಸುತ್ತಿದ್ದರು. ಅವರ ಮುಖದಲ್ಲಿ ಆ ಕಳೆಯನ್ನು ನಾನು ಮೊದಲು ನೋಡಿರಲಿಲ್ಲ.

ಫೈನಲಿನಲ್ಲಿ ಎರಡನೆಯವನಾದೆ. ಮೊದಲ ತಿರುವಿನಲ್ಲೇ ಅಮ್ಮ ಪಂಜರಕ್ಕೆ ಸಿಕ್ಕಿಸಿದ್ದ ಹೂವೆಲ್ಲ ಹಾರಿಹೋಯಿತು. ಕೊನೆಯ ಸುತ್ತಿನಲ್ಲಿ, ಟಾರು ಮುಗಿದು ಜಲ್ಲಿ ಶುರುವಾಗುವ ಕಡೆ, ಬ್ರೇಕು ಮುಟ್ಟದೆ ಹಿಂಬದಿಯನ್ನು ಜಾರಲು ಬಿಟ್ಟು ಇಬ್ಬರನ್ನು ದಾಟಿದೆ. ಇಳಿದಾಗ ಹಲ್ಲಿನಲ್ಲಿ ಮರಳು. ಅಪ್ಪ ನನ್ನ ಹೆಗಲು ಹಿಡಿದು ಒಮ್ಮೆ ಅಲ್ಲಾಡಿಸಿದರು. ಇನ್ನೊಂದು ಅರ್ಧ ಗಂಟೆಗೆ ಧ್ವನಿವರ್ಧಕದಲ್ಲಿ ನನ್ನ ಕಾರಿನ ಸಂಖ್ಯೆ ಕೂಗಿದರು. ಹದಿನೆಂಟು ಚೀಟಿ ಬಿದ್ದಿತ್ತು.

ಕಚೇರಿಯೆಂದರೆ ಒಂದು ಕ್ಯಾರವಾನು. ಕಣ್ಣಿಗೆ ಕನ್ನಡಕ, ಮೈಗೆ ಹಳದಿ ಜಾಕೆಟ್ಟು ಹಾಕಿದ್ದ ಹೆಂಗಸು ಚೀಟಿಗಳನ್ನು ಒಂದು ಹೆಲ್ಮೆಟ್ಟಿಗೆ ಹಾಕಿ ಒಂದನ್ನು ಎತ್ತಿದಳು. ಎಬ್ಬಾ ಎಂಬ ಹುಡುಗಿ, ನನ್ನದೇ ವಯಸ್ಸು, ಮೊದಲ ವರ್ಷ ಓಡಿಸುತ್ತಿದ್ದವಳು. ಅವಳ ಕಾರು ಬೆಳಿಗ್ಗೆಯೇ ಹೊಗೆಯುಗುಳಿ ನಿಂತಿತ್ತು. ನನ್ನ ಮುಂದೆ ಕಾಗದ ಇಟ್ಟು, ಇಲ್ಲಿ ಸಹಿ, ಎಂದಳು ಆ ಹೆಂಗಸು. ಅಪ್ಪ ಒಳಗೆ ಬಂದರು. ಮಾತಾಡಿದರು, ಸ್ವೀಡಿಷ್ ಸಾಲದೆ ಇಂಗ್ಲಿಷಿಗೆ ಹೋದರು. ನಾನೇ ಎರಡರಷ್ಟು ಕೊಟ್ಟು ಕೊಂಡುಕೊಳ್ಳುತ್ತೇನೆ ಎಂದರು. ಅವಳು ಬೇಸರಪಡದೆ ತಲೆಯಾಡಿಸಿದಳು. ಸಹಿ ಅಥವಾ ಲೈಸೆನ್ಸು, ಎರಡೇ. ಅಪ್ಪ ನನ್ನ ಕಡೆ ತಿರುಗಿದರು.

"ಚೇತೂ, ಸೈನ್ ಮಾಡ್ಬೇಡ. ಲೈಸೆನ್ಸ್ ಹೋದ್ರೆ ಹೋಗ್ಲಿ."

"ಲೈಸೆನ್ಸ್ ಇಲ್ದೆ ಕಾರ್ ಇಟ್ಕೊಂಡು ಏನ್ ಮಾಡ್ಲಿ ಅಪ್ಪಾ?"

"ಇಟ್ಕೋಬೇಕು. ಅಷ್ಟೇ. ಅದ್ರೊಳಗೆ ನಿಮ್ಮಮ್ಮನ ಕೈ ಇದೆ ಕಣೋ. ನನ್ನ ಕೈ ಇದೆ. ಯಾರೋ ತಗೊಂಡ್ಹೋಗಿ ಹಳ್ಳಕ್ಕೆ ಹಾಕ್ಲಿ ಅಂತ ಮಾಡಿದ್ವಾ?"

"ರೂಲು ಅಪ್ಪಾ."

"ಹೇಗಿದ್ರೂ ಜನವರಿಗೆ ಸ್ಕೂಲು. ಲೈಸೆನ್ಸು ಇನ್ಯಾಕೆ?"

ಅಪ್ಪನಿಗೆ ಅವತ್ತು ಎರಡೂ ಕೈಗೆಟುಕುವಷ್ಟು ಹತ್ತಿರ ಇದ್ದವು, ಅವರ ಕಾರು ಮತ್ತು ಅವರು ಬಯಸಿದ ಮಗ. ನಾನು ಪೆನ್ನು ಕೆಳಗಿಟ್ಟರೆ ಸಾಕಾಗಿತ್ತು. ಕಾರು ಬಾಡಿಗೆ ಗ್ಯಾರೇಜಿನಲ್ಲಿ ಇರುತ್ತಿತ್ತು, ಪ್ರತಿವರ್ಷ ಹಬ್ಬಕ್ಕೆ ತೊಳೆಯುತ್ತಿದ್ದೆವು, ನಾನು ಬೆಳಿಗ್ಗೆ ಶಾಲೆಯ ಸ್ಟಾಪಿನಲ್ಲಿ ಇಳಿಯುತ್ತಿದ್ದೆ. ಕಿಟಕಿಯ ಆಚೆ ಅದು ನೀಲಿಯಾಗಿ ನಿಂತಿತ್ತು, ಒಂದು ಕಡೆ ಅರಿಶಿನ ಇನ್ನೂ ಉಳಿದಿತ್ತು. ಅಷ್ಟು ಚೆಂದದ ಕಾರನ್ನು ನಾನು ಆಮೇಲೆ ಎಂದೂ ಕಟ್ಟಿಲ್ಲ. ಸಹಿ ಹಾಕಿದೆ. ಕನ್ನಡದಲ್ಲಿ ಹಾಕಿದೆ, ಯಾಕೆಂದು ಗೊತ್ತಿಲ್ಲ. ಆ ಹೆಂಗಸು ತಿರುಗಿಸಿ ನೋಡಿ, ಸರಿ, ಎಂದಳು.

ಅಪ್ಪ ಕ್ಯಾರವಾನಿನ ಮೆಟ್ಟಿಲು ಇಳಿದು ಹೋದರು. ಇನ್ನೊಂದು ಮೂರು ತಿಂಗಳು ಹತ್ತು ದಿನ ಎಂದುಕೊಂಡೆ. ಅಮ್ಮ, "ಹೋಗ್ಲಿ ಬಿಡು, ಅವರಿಗೆ ಒಂದ್ ಸ್ವಲ್ಪ ಹೊತ್ತು ಕೊಡು," ಎಂದಳು. ನಮ್ಮ ಖಾಲಿ ಟ್ರೇಲರಿನ ಹತ್ತಿರ ಕಾದೆವು. ಕತ್ತಲಾಗುವ ಮೊದಲು ಹೊರಡಬೇಕೆಂದು ಹುಡುಕಲು ಹೋದಾಗ ಅಪ್ಪ ಸಿಕ್ಕಿದ್ದು ಎಬ್ಬಾಳ ಟ್ರೇಲರಿನ ಪಕ್ಕದಲ್ಲಿ. ಬಾನೆಟ್ ಎತ್ತಿತ್ತು. ಎಬ್ಬಾ ಕೈಗವಸು ಬಿಚ್ಚಿ ಅಂಗೈ ಮೇಲೆಯೇ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದಳು. ಅಪ್ಪ ತಮ್ಮ ಕಾರ್ಖಾನೆಯ ಸ್ವೀಡಿಷ್‌ನಲ್ಲಿ, ಚಳಿಯಲ್ಲಿ ಮೊದಲ ಎರಡು ನಿಮಿಷ ಜೋರು ಕೊಡಬೇಡ, ತಲೆಯ ಬೋಲ್ಟುಗಳನ್ನು ಮಧ್ಯದಿಂದ ಶುರುಮಾಡಿ ಅಡ್ಡಡ್ಡ ಬಿಗಿ, ಮೂರನೇ ವಾಲ್ವಿನ ಮೇಲೆ ಒಂದು ಕಣ್ಣಿರಲಿ, ಎಂದು ಹೇಳುತ್ತಿದ್ದರು. ಮೂರನೆಯದು ನಾನು ಅರೆದದ್ದು. ಅಮ್ಮ ನನ್ನ ಹಿಂದೆಯೇ ಬಂದಿದ್ದಳು. ಚೀಲದಿಂದ ಕುಂಕುಮದ ಭರಣಿ ತೆಗೆದು, ಆ ಹುಡುಗಿಯ ಹಣೆಗೆ ಇಟ್ಟಳು. "ಮನೆಯಿಂದ ಏನಾದ್ರೂ ಹೋಗ್ವಾಗ ಬರೀ ಹಣೆಲಿ ಕಳ್ಸಲ್ಲ ನಾವು. ಅವಳಿಗೆ ಹೇಳೋ," ಎಂದಳು. ನಾನು ಹೇಳಿದೆ. ಎಬ್ಬಾ ಅಳಿಸಿಕೊಳ್ಳಬಾರದೇ, ಎಷ್ಟು ದಿನ ಇರಬೇಕು, ಎಂದು ಕೇಳಿದಳು.

ದಾರಿಯಲ್ಲಿ ಖಾಲಿ ಟ್ರೇಲರ್ ಪ್ರತಿ ಉಬ್ಬಿಗೂ ಗಡಗಡ ಎನ್ನುತ್ತಿತ್ತು. ಮೇಘ ನಿದ್ದೆಹೋಗಿದ್ದಳು. ಅಪ್ಪ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು:

"ಆ ಹುಡುಗಿ ಆಯಿಲ್ ಸರಿಯಾಗಿ ಬದಲಾಯಿಸ್ತಾಳಾ?"

"ಬದಲಾಯಿಸ್ತಾಳೆ ಅನ್ಸತ್ತೆ."

"ಅನ್ಸತ್ತೆ ಅಂದ್ರೆ? ಫೋನ್ ನಂಬರ್ ತಗೊಂಡಿದೀನಿ. ವಸಂತದಲ್ಲಿ ಕೇಳ್ತೀನಿ." ಆಮೇಲೆ, ಇನ್ನೂ ಒಂದಷ್ಟು ದೂರ ಹೋದ ಮೇಲೆ, "ಬೋರ್ಯೆ ಹತ್ರ ಇನ್ನೊಂದು ಡಬ್ಬ ಇದೆಯೇನೋ?"

ಅಮ್ಮ ಕಿಟಕಿಯ ಕಡೆ ತಿರುಗಿ ನಕ್ಕಳು. ಜನವರಿ ಬಂತು, ಹೋಯಿತು. ರೆಕ್ಟರಿನ ಮಾತು ಅಪ್ಪ ಎತ್ತಲಿಲ್ಲ. ಒಪ್ಪಿದರು ಎಂದು ನಾನು ಹೇಳಲಾರೆ. ಇವತ್ತಿಗೂ ಬೆಂಗಳೂರಿನಿಂದ ಯಾರಾದರೂ ಬಂದರೆ ಮೊದಲು ಹೇಳುವುದು, "ಇವನು ಓದ್ಲಿಲ್ಲ," ಎಂದೇ. ನಾನು ಯಾವ ದೇಶದಲ್ಲಿ ಓಡಿಸಿ ಬಂದೆ ಎನ್ನುವುದು ಎರಡನೆಯದು. ನಾನೂ ಅದನ್ನು ತಿದ್ದಲು ಹೋಗುವುದಿಲ್ಲ. ಫೋಕ್‌ರೇಸ್‌ನಲ್ಲಿ ಏಳು ವರ್ಷ ಓಡಿಸಿದೆ. ಅದಾದ ಮೇಲೆ ದೊಡ್ಡ ಎಂಜಿನ್ನಿನ ಸ್ಟಾಕ್ ಕಾರುಗಳ ತಂಡವೊಂದು ಸಂಬಳ ಕೊಟ್ಟು ಕರೆಯಿತು. ಅಲ್ಲಿ ಕಾರು ನನ್ನದಲ್ಲ, ಇಳಿದು ಬಂದರೆ ಅದನ್ನು ತೊಳೆಯುವವರು ಬೇರೆ. ಅಲ್ಲಿ ಗೆದ್ದದ್ದೂ ಇದೆ, ಗೋಡೆಗೆ ಹೊಡೆದದ್ದೂ ಇದೆ. ಆ ಕಥೆ ಕೇಳುವವರು ಬಹಳ ಜನ, ನಾನೂ ಹೇಳುತ್ತಿರುತ್ತೇನೆ. ಕಟ್ಟಿದ್ದನ್ನು ಕೊಟ್ಟು ಮುಂದಿನದಕ್ಕೆ ಕೈಹಾಕುವುದನ್ನು ಮಾತ್ರ ನಾನು ಆ ದಿನ, ಆ ಕ್ಯಾರವಾನಿನಲ್ಲಿ ಕಲಿತೆ. ಅದನ್ನು ಕಲಿಸುವ ತರಗತಿ ಯಾವುದೂ ಇಲ್ಲ ಎಂದೇ ಈಗಲೂ ನನ್ನ ವಾದ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಊರ ಹೊರಗೆ ಒಂದು ಶೆಡ್ಡು, ಅದರಲ್ಲಿ ಎರಡು ಲಿಫ್ಟು. ಸಂಬಳಕ್ಕೆ ಮೂವರು, ಅವರಲ್ಲಿ ಒಬ್ಬಳು ಎಂಜಿನಿಯರು. ಚಾಲ್ತಿಯಲ್ಲಿರುವ ಲೈಸೆನ್ಸು ಒಂದು. ಎಡಗಡೆಯ ಕಾಲರ್ ಮೂಳೆಯಲ್ಲಿ ಒಂದು ಸ್ಟೀಲು ಪಟ್ಟಿ, ಆರು ಸ್ಕ್ರೂ. ಹೆಂಡತಿ, ಇಬ್ಬರು ಮಕ್ಕಳು. ಅಪ್ಪ, ಅಮ್ಮ, ಇಬ್ಬರೂ ಇದ್ದಾರೆ. ಸ್ವಂತದ್ದು ಎನ್ನುವ ರೇಸ್ ಕಾರು, ಈ ವಾರದ ಮಟ್ಟಿಗೆ, ಒಂದು. ಕಟ್ಟಿ, ಓಡಿಸಿ, ಬೇರೆಯವರ ಕೈಗೆ ಕೊಟ್ಟದ್ದು ಹದಿನೇಳು.